ಲಟ್ಟಣಿಗೆ, ನೀಲಿ ಡ್ರಮ್ಮು ಮತ್ತು ನಮ್ಮ ಭಾವ

ಊರಿಂದ ಯಾರೇ ಬಂದರೂ ನಾನು ಅವರನ್ನು ಹಾರ್ಟಲ್‌ಪೂಲ್‌ಗೆ ಕರೆದುಕೊಂಡು ಹೋಗುತ್ತೇನೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಊರು ಅದು. ನಾವಿರುವ ಸ್ಟಾಕ್‌ಟನ್‌ನಿಂದ ಸುಮಾರು 20 ಕಿಲೋಮೀಟರ್. ಹಳೆಯ ಬಂದರು, ಮೀನು ದೋಣಿ, ಗಾಳಿ. ಕಾರವಾರ, ಕುಮಟಾ ಕಡೆಯವರಿಗೆ ಅಲ್ಲಿ ಮೂಗಿಗೆ ಬಡಿಯುವ ಮೊದಲ ವಾಸನೆಯೇ ಪರಿಚಯದ್ದು. ಅಲ್ಲಿ ಸಮುದ್ರದ ದಂಡೆ ಹತ್ತಿರ ಒಂದು ಕಂಚಿನ ಪ್ರತಿಮೆ ಇದೆ. ಚಪ್ಪಟೆ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡ ಕುಳ್ಳ ಮನುಷ್ಯ. ಕೈಯಲ್ಲಿ ಬಿಯರ್ ಲೋಟ. ಎಲ್ಲರೂ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವನ ಹೆಸರು ಆ್ಯಂಡಿ ಕ್ಯಾಪ್. ಕಾಮಿಕ್ಸ್‌ನ ಪಾತ್ರ.

ಅವನನ್ನು ಬರೆದ ರೆಗ್ ಸ್ಮೈತ್ ಹುಟ್ಟಿದ್ದು ಇದೇ ಊರಲ್ಲಿ. 1957ರಲ್ಲಿ ಡೈಲಿ ಮಿರರ್ ಪತ್ರಿಕೆಯಲ್ಲಿ ಚಿತ್ರ ಶುರುವಾಯಿತು. ಪ್ರತಿಮೆ ನಿಲ್ಲಿಸಿದ್ದು 2007ರಲ್ಲಿ. ಕೆಲಸ ಮಾಡದ, ಕುಡಿಯುವ, ಸೋಫಾದಲ್ಲೇ ಬಿದ್ದುಕೊಂಡಿರುವ ಗಂಡ ಅವನು. ದುಡಿದು ತರುವವಳು ಹೆಂಡತಿ ಫ್ಲೋ. ಮೊದಲ ವರ್ಷಗಳ ಚಿತ್ರಗಳಲ್ಲಿ ಅವನು ಅವಳಿಗೆ ಹೊಡೆಯುತ್ತಾನೆ. ಅವಳು ನೆಲದ ಮೇಲೆ ಬಿದ್ದಿರುತ್ತಾಳೆ. ಅದರ ಕೆಳಗೊಂದು ನಗೆಯ ಸಾಲು ಇರುತ್ತದೆ. ಬೆಳಗ್ಗೆ ಟೀ ಕುಡಿಯುತ್ತ ಲಕ್ಷಾಂತರ ಜನ ಅದನ್ನು ನೋಡಿ ನಕ್ಕು ಕೆಲಸಕ್ಕೆ ಹೋಗುತ್ತಿದ್ದರು. ಕೆಟ್ಟವರಲ್ಲ. ನಮ್ಮ ನಿಮ್ಮಂಥವರೇ.

ಆಮೇಲಾಮೇಲೆ ಹೊಡೆತ ಕಡಿಮೆಯಾಯಿತು. ಗಂಡ ಹೆಂಡತಿ ಇಬ್ಬರೂ ಸಲಹೆಗಾರರ ಎದುರು ಕೂರುವ ಚಿತ್ರಗಳು ಬಂದವು. ಇವತ್ತು ಇಂಗ್ಲೆಂಡಿನ ಯಾವ ಪತ್ರಿಕೆಯೂ ಹೆಂಡತಿಗೆ ಗಂಡ ಹೊಡೆದು ಬೀಳಿಸಿದ ಚಿತ್ರವನ್ನು ಜೋಕು ಅಂತ ಹಾಕುವುದಿಲ್ಲ. ಹಾಕಿದರೆ ಓದುವವರು ಸುಮ್ಮನೆ ಬಿಡುವುದಿಲ್ಲ. ಐವತ್ತು ಅರವತ್ತು ವರ್ಷದಲ್ಲಿ ಒಂದು ಸಮಾಜ ಒಂದು ನಗುವನ್ನು ಬಿಟ್ಟಿದೆ. ಇದು ನನಗೆ ಸಣ್ಣ ಸಂಗತಿ ಅನಿಸುವುದಿಲ್ಲ.

ಆದರೆ ಹೊಡೆತ ತಿರುಗುಮುರುಗಾದರೆ?

ಲಟ್ಟಣಿಗೆ ಹಿಡಿದು ಬಾಗಿಲ ಹಿಂದೆ ನಿಂತ ಹೆಂಡತಿ. ರಾತ್ರಿ ತಡವಾಗಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹಾಗೆ ಒಳಗೆ ಬರುವ ಗಂಡ. ಈ ಚಿತ್ರ ನೋಡದೇ ಇರುವವರು ನಮ್ಮಲ್ಲಿ ಯಾರಾದರೂ ಇದ್ದಾರಾ? ನಾನು ಸಣ್ಣವನಿದ್ದಾಗ ನಮ್ಮ ಮನೆಗೆ ವಾರಪತ್ರಿಕೆ ಶಿರಸಿಯಿಂದ ಬಸ್ಸಿನಲ್ಲಿ ಬರುತ್ತಿತ್ತು. ಅಪ್ಪಯ್ಯ ಓದುವ ಮೊದಲೇ ನಾನು ವ್ಯಂಗ್ಯಚಿತ್ರಗಳನ್ನು ಹುಡುಕಿ ನೋಡುತ್ತಿದ್ದೆ. ಹತ್ತರಲ್ಲಿ ಮೂರು ನಾಲ್ಕು ಲಟ್ಟಣಿಗೆಯ ಚಿತ್ರವೇ ಇರುತ್ತಿದ್ದವು. ದೊಡ್ಡವನಾದ ಮೇಲೆ ಹಿಂದಿ ಕಾಮಿಕ್ಸ್ ಸಿಕ್ಕವು. 1971ರಲ್ಲಿ ಪ್ರಾಣ್ ಅವರು ಶುರು ಮಾಡಿದ ಚಾಚಾ ಚೌಧರಿಯ ಮನೆಯಲ್ಲೂ ಬಿನ್ನಿ ಚಾಚಿಯ ಕೈಯಲ್ಲಿ ಅದೇ ಲಟ್ಟಣಿಗೆ. ಕಂಪ್ಯೂಟರಿಗಿಂತ ಜೋರು ಮಿದುಳಿನ ಚಾಚಾ, ಕಳ್ಳರಿಗೆ ಹೆದರದ ಚಾಚಾ, ಚಾಚಿಯ ಮುಂದೆ ಬಾಯಿ ಮುಚ್ಚುತ್ತಾನೆ. ನಾವು ನಗುತ್ತಿದ್ದೆವು.

ಇದು ನಮ್ಮದೇ ಸೊತ್ತೂ ಅಲ್ಲ. ಅಮೆರಿಕದಲ್ಲಿ ಜಾರ್ಜ್ ಮೆಕ್‌ಮಾನಸ್ ಎಂಬುವರು 1913ರಲ್ಲಿ ಒಂದು ಕಾಮಿಕ್ಸ್ ಶುರು ಮಾಡಿದರು. ಜಿಗ್ಸ್ ಮತ್ತು ಮ್ಯಾಗಿ ಎಂಬ ಗಂಡ ಹೆಂಡಿರ ಕತೆ. ಕೂಲಿ ಮಾಡಿಕೊಂಡಿದ್ದ ಗಂಡನಿಗೆ ಏಕಾಏಕಿ ದುಡ್ಡು ಬರುತ್ತದೆ. ಅವಳಿಗೆ ದೊಡ್ಡವರ ಸಹವಾಸ ಬೇಕು. ಅವನಿಗೆ ಹಳೆಯ ಗೆಳೆಯರು, ಹಳೆಯ ಊಟ ಸಾಕು. ಅವನು ಕದ್ದು ಹೊರಗೆ ಹೋಗುತ್ತಾನೆ. ವಾಪಸ್ ಬಂದಾಗ ತಟ್ಟೆ, ಹೂದಾನಿ, ಲಟ್ಟಣಿಗೆ ಎಲ್ಲವೂ ಅವನ ತಲೆ ಕಡೆ ಹಾರಿ ಬರುತ್ತವೆ. ಈ ಚಿತ್ರ ನಿಂತಿದ್ದು 2000ದಲ್ಲಿ. ಅಂದರೆ 87 ವರ್ಷ ತಟ್ಟೆ ಹಾರುತ್ತಲೇ ಇತ್ತು. ಈಗ ನಮ್ಮ ಅಕ್ಕನ ಮೊಮ್ಮಕ್ಕಳು ಶಿರಸಿಯ ಮನೆಯಲ್ಲಿ ಕೂತು ಹಿಂದಿಯಲ್ಲಿ ಶಿನ್‌ಚಾನ್ ನೋಡುತ್ತಾರೆ. ಜಪಾನಿನ ಆ ಅಮ್ಮನ ಗುದ್ದಿಗೆ ಮಗನ ತಲೆ ಮೇಲೆ ಬುಗುಟು ಏಳುತ್ತದೆ. ಕೆಲವೊಮ್ಮೆ ಅಪ್ಪನ ತಲೆ ಮೇಲೂ.

ಆ ಬುಗುಟನ್ನು ಸ್ವಲ್ಪ ಗಮನಿಸಿ. ಕಾಮಿಕ್ಸ್‌ನಲ್ಲಿ ಅದು ಮುಂದಿನ ಚೌಕದಲ್ಲಿ ಇರುವುದಿಲ್ಲ. ತಲೆ ಸುತ್ತ ನಕ್ಷತ್ರ ತಿರುಗುತ್ತವೆ, ಆಮೇಲೆ ಎಲ್ಲ ಸರಿಹೋಗುತ್ತದೆ. ಗಾಯಕ್ಕೆ ನಾಳೆ ಎಂಬುದಿಲ್ಲ. ಅದಕ್ಕೇ ನಗು ಬರುತ್ತದೆ. ಇನ್ನೊಂದು, ಆ ಹೆಂಡತಿಯನ್ನು ಯಾವಾಗಲೂ ದಪ್ಪಗೆ, ದೊಡ್ಡದಾಗಿ ಬರೆಯುತ್ತಾರೆ. ಗಂಡ ಸಣಕಲ. ಹೆಂಗಸು ದಪ್ಪ ಇದ್ದರೆ, ದನಿ ಎತ್ತಿದರೆ, ಅವಳೇ ಒಂದು ಜೋಕು. ಗಂಡಸು ಸಣ್ಣಗಿದ್ದರೆ, ತಿರುಗಿ ಹೊಡೆಯದಿದ್ದರೆ, ಅವನೂ ಒಂದು ಜೋಕು. ಒಂದೇ ಚಿತ್ರದಲ್ಲಿ ಇಬ್ಬರಿಗೂ ಅವಮಾನ ಆಗಿದೆ. ನಾವು ಒಬ್ಬನದ್ದು ಮಾತ್ರ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದನ್ನೂ ಅಂದುಕೊಳ್ಳುವುದಿಲ್ಲ.

ನನಗೆ ಇದನ್ನು ಬರೆಯಬೇಕು ಅನಿಸಿದ್ದು ಭಾವನಿಂದ. ನನ್ನ ಸೋದರತ್ತೆಯ ಮಗ. ಶಿರಸಿಯಿಂದ ಒಳಗೆ, ಬಸ್ಸು ನಿಲ್ಲುವಲ್ಲಿಂದ ಮತ್ತೂ ಆರು ಕಿಲೋಮೀಟರ್ ಹೋಗಬೇಕಾದ ಮನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯುತ್ತೇನೆ ಅಂತ ಅವನಿಗೆ ಹೇಳಿದ್ದೇನೆ, ಬರಿ ಅಂದಿದ್ದಾನೆ.

ನಮ್ಮ ಕಡೆ ಅಡಿಕೆ ತೋಟದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ. ಭಾವನಿಗೂ ಏಳು ವರ್ಷ ಹುಡುಕಿ, 38ನೇ ವಯಸ್ಸಿನಲ್ಲಿ ಮದುವೆಯಾಯಿತು. ಮದುವೆ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಅಂತೂ ಆತಲ, ಪುಣ್ಯ’. ಆ ‘ಪುಣ್ಯ’ ಎಂಬ ಮಾತು ಅವನ ಬಾಯಿಗೆ ಹಾಕಿದ ಬೀಗ ಅಂತ ನನಗೆ ಅರ್ಥವಾಗಿದ್ದು ಬಹಳ ತಡವಾಗಿ. ಪುಣ್ಯದಿಂದ ಸಿಕ್ಕಿದ್ದರ ಬಗ್ಗೆ ದೂರು ಹೇಳುವುದು ಹೇಗೆ?

ಎರಡು ವರ್ಷದ ನಂತರ ನಾನು ಊರಿಗೆ ಹೋದಾಗ ಅವನ ಎಡ ಮುಂಗೈ ಮೇಲೆ ಉದ್ದಕ್ಕೆ ಸುಟ್ಟ ಕಲೆ ಇತ್ತು. ‘ಎಂತ ಇಲ್ಲೆ ಮಾರಾಯ, ಬಾಣಲೆ’ ಅಂದ. ಉಪನಯನದ ಊಟದ ಪಂಕ್ತಿಯಲ್ಲಿ ಕೂತಿದ್ದೆವು. ಎದುರು ಪಂಕ್ತಿಯಲ್ಲಿದ್ದ ಒಬ್ಬರು, ‘ಅಮ್ಮಾವ್ರ ಗಂಡ’ ಅಂದರು. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಅವನೂ ನಕ್ಕ. ಆ ವಾರ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಲಟ್ಟಣಿಗೆಯ ಚಿತ್ರ ಬಂತು. ಕಳಿಸಿದವನು ನಾನು. ಅವನು ಅದಕ್ಕೆ ನಗುವ ಮುಖ ಹಾಕಿದ್ದ. ಆ ಕಲೆ ಬಾಣಲೆಯಿಂದ ಆಗಿದ್ದು ನಿಜ. ಆದರೆ ಬಾಣಲೆ ತಾನಾಗಿ ಬಂದು ತಾಗಿರಲಿಲ್ಲ.

ಇಲ್ಲಿ ನನಗೆ ಬುದ್ಧಿ ಬಂದದ್ದು ಒಬ್ಬ ನರ್ಸ್‌ನಿಂದ. 2021ರ ಚಳಿಗಾಲದಲ್ಲಿ ಮನೆ ಮುಂದಿನ ಹಿಮದ ಮೇಲೆ ಜಾರಿ ಬಿದ್ದು ನನ್ನ ಮಣಿಕಟ್ಟು ಮುರಿಯಿತು. ಹೆಂಡತಿ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಒಳಗೆ ಕರೆದ ನರ್ಸ್, ನನ್ನ ಹೆಂಡತಿಗೆ ಸ್ವಲ್ಪ ಹೊರಗಿರಿ ಅಂದಳು. ಬಾಗಿಲು ಹಾಕಿದ ಮೇಲೆ, ಬಿದ್ದದ್ದು ಹೇಗೆ ಅಂತ ಮತ್ತೊಮ್ಮೆ ಕೇಳಿದಳು. ಆಮೇಲೆ ಕೇಳಿದಳು: ‘ಮನೆಯಲ್ಲಿ ನಿಮಗೆ ಯಾರ ಹೆದರಿಕೆಯಾದರೂ ಇದೆಯಾ?’

ನನಗೆ ನಗು ಬಂತು. ಮರುಕ್ಷಣ ಬೇಜಾರೂ ಆಯಿತು, ನನ್ನ ಹೆಂಡತಿಯನ್ನು ಏನೆಂದುಕೊಂಡಳು ಇವಳು ಅಂತ. ಅವಳು ನಗಲಿಲ್ಲ. ಮುಖದಲ್ಲಿ ಕನಿಕರವೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಬಿಪಿ ನೋಡುವಾಗ ಕೇಳುವ ಹಾಗೆ ಕೇಳಿದ್ದಳು. ‘ಇಲ್ಲ’ ಅಂದೆ. ‘ಸರಿ, ಎಲ್ಲರನ್ನೂ ಕೇಳುತ್ತೇವೆ’ ಅಂದು ಬರೆದುಕೊಂಡಳು. ಪ್ಲಾಸ್ಟರ್ ಹಾಕುವ ಹೊತ್ತಿಗೆ ನನ್ನ ಕಣ್ಣ ಮುಂದೆ ಇದ್ದದ್ದು ಭಾವನ ಮುಂಗೈ. ಅವನು ಕೂಡ ಆಸ್ಪತ್ರೆಗೆ ಹೋಗಿದ್ದ. ಅಲ್ಲಿ ಮುಲಾಮು ಕೊಟ್ಟರು. ಜೊತೆಗೆ ಯಾರೋ, ‘ಏನು, ಮನೆಯವರ ಕೋಪನಾ?’ ಅಂತ ನಕ್ಕರಂತೆ. ಒಂದೇ ಪ್ರಶ್ನೆ ಅಲ್ವಾ ಅದು? ಬಾಗಿಲು ಹಾಕಿ ಕೇಳಿದರೆ ಬಾಯಿ ತೆರೆಯುತ್ತದೆ. ನಗುತ್ತ ಕೇಳಿದರೆ ಮುಚ್ಚುತ್ತದೆ.

ಇಂಗ್ಲೆಂಡ್ ಇಲ್ಲಿಗೆ ಸುಲಭವಾಗಿ ಬಂದಿಲ್ಲ. ಪಂಚ್ ಮತ್ತು ಜೂಡಿ ಅಂತ ಇವರ ಒಂದು ಹಳೆಯ ಗೊಂಬೆಯಾಟ ಇದೆ. 1662ರಲ್ಲಿ ಲಂಡನ್ನಿನಲ್ಲಿ ಇಟಲಿಯವರ ಗೊಂಬೆಯಾಟ ನೋಡಿದೆ ಅಂತ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ, ಅದೇ ಇಲ್ಲಿ ಪಂಚ್‌ನ ಮೊದಲ ದಾಖಲೆ ಅನ್ನುತ್ತಾರೆ. ಪಂಚ್ ದೊಣ್ಣೆ ಹಿಡಿದು ಹೆಂಡತಿಗೆ ಹೊಡೆಯುತ್ತಾನೆ, ಅವಳೂ ಹೊಡೆಯುತ್ತಾಳೆ, ಸಮುದ್ರ ದಂಡೆಯಲ್ಲಿ ಕೂತ ಮಕ್ಕಳು ಕೇಕೆ ಹಾಕುತ್ತಾರೆ. ಇವರೂ ಶತಮಾನಗಟ್ಟಲೆ ನಕ್ಕವರೇ.

ಬದಲಾಗಿದ್ದಕ್ಕೆ ಕಾರಣ ಕಾನೂನು ಅಂತ ಹೇಳುತ್ತಾರೆ. ನನಗೆ ಕತೆಗಳೂ ಅಷ್ಟೇ ಮುಖ್ಯ ಅನಿಸುತ್ತದೆ. ಕೊರೊನೇಶನ್ ಸ್ಟ್ರೀಟ್ ಎಂಬ ಧಾರಾವಾಹಿ ಇಲ್ಲಿ 1960ರಿಂದ ನಡೆಯುತ್ತಿದೆ. ನಮ್ಮಲ್ಲಿ ಸಂಜೆ ಧಾರಾವಾಹಿ ನೋಡುವಂತೆಯೇ ಮನೆಮಂದಿ ಕೂತು ನೋಡುತ್ತಾರೆ. 2012 ಮತ್ತು 2013ರಲ್ಲಿ ಅದರಲ್ಲಿ ಟೈರೋನ್ ಎಂಬ ಮೆಕ್ಯಾನಿಕ್‌ನ ಕತೆ ಬಂತು. ಸಂಗಾತಿ ಕರ್ಸ್ಟಿ ಅವನಿಗೆ ಹೊಡೆಯುತ್ತಾಳೆ. ಅವಳು ಪೊಲೀಸ್ ಕೆಲಸದಲ್ಲಿದ್ದವಳು. ಅವನು ಗಾಯ ಮುಚ್ಚಿಕೊಳ್ಳುತ್ತಾನೆ, ಗೆಳೆಯರಿಗೆ ಸುಳ್ಳು ಹೇಳುತ್ತಾನೆ, ಮಗುವಿಗಾಗಿ ಉಳಿಯುತ್ತಾನೆ. ಕೊನೆಗೆ ಅವನೇ ಹೊಡೆದ ಅಂತ ಕೇಸಾಗಿ ಅವನು ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ತಿಂಗಳುಗಟ್ಟಲೆ ನಡೆದ ಕತೆ. ಬುಗುಟು ಮುಂದಿನ ಚೌಕದಲ್ಲಿ ಮಾಯವಾಗಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರು, ಆ ಕತೆ ನೋಡಿದ ಮೇಲೆಯೇ ತಮ್ಮ ತಮ್ಮನಿಗೆ ಫೋನ್ ಮಾಡಿ ‘ನೀನು ಹೇಗಿದ್ದೀಯ’ ಅಂತ ಕೇಳಿದ್ದಾಗಿ ಹೇಳಿದ್ದರು. ಇಷ್ಟು ಸಾಕಲ್ವಾ ಒಂದು ಧಾರಾವಾಹಿಗೆ?

2015ರ ಕೊನೆಗೆ ಇಲ್ಲಿ ಹೊಸ ಕಾನೂನು ಜಾರಿಗೆ ಬಂತು. ಹೊಡೆಯದೇ ಇದ್ದರೂ, ಸಂಗಾತಿಯ ಫೋನು, ದುಡ್ಡು, ಊಟ, ಗೆಳೆತನ ಎಲ್ಲವನ್ನೂ ಹಿಡಿತದಲ್ಲಿಟ್ಟುಕೊಂಡು ಹೆದರಿಸಿದರೆ ಅದು ಅಪರಾಧ. ಗಂಡು ಹೆಣ್ಣು ಅನ್ನುವ ಭೇದ ಅದರಲ್ಲಿಲ್ಲ. 2018ರಲ್ಲಿ ಈ ಅಪರಾಧಕ್ಕೆ ಮೊದಲ ಬಾರಿ ಒಬ್ಬ ಮಹಿಳೆಗೆ ಶಿಕ್ಷೆಯಾಯಿತು. ಏಳೂವರೆ ವರ್ಷ ಜೈಲು. ಅವಳ ಸಂಗಾತಿ ಇಪ್ಪತ್ತರ ಆಸುಪಾಸಿನ ಹುಡುಗ. ಅವಳು ಅವನ ಮೈಮೇಲೆ ಕುದಿಯುವ ನೀರು ಸುರಿದಿದ್ದಳು, ಚಾಕುವಿನಿಂದ ತಿವಿದಿದ್ದಳು, ಊಟ ಕೊಡದೆ ಇಟ್ಟಿದ್ದಳು, ಅಪ್ಪ ಅಮ್ಮನಿಂದ ದೂರ ಮಾಡಿದ್ದಳು. ಪತ್ರಿಕೆಗಳು ಆ ಸುದ್ದಿಯನ್ನು ನಗೆಯ ತಲೆಬರಹ ಇಲ್ಲದೆ ಹಾಕಿದವು. 2021ರಲ್ಲಿ ಇನ್ನೊಂದು ಕಾಯ್ದೆ ಬಂದು, ಅಂಥ ಮನೆಯಲ್ಲಿ ಬೆಳೆಯುವ ಮಕ್ಕಳನ್ನೂ ಸಂತ್ರಸ್ತರು ಅಂತಲೇ ಲೆಕ್ಕ ಹಿಡಿಯಲು ಶುರು ಮಾಡಿತು.

ಲೆಕ್ಕದ ಮಾತು ಬಂತು, ಅದನ್ನೂ ಹೇಳುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಅಂಕಿಅಂಶ ಸಂಸ್ಥೆಯ ಅಂದಾಜಿನಂತೆ, 2023ರ ಮಾರ್ಚ್‌ಗೆ ಮುಗಿದ ಒಂದು ವರ್ಷದಲ್ಲಿ 14 ಲಕ್ಷ ಹೆಂಗಸರು, ಏಳೂವರೆ ಲಕ್ಷ ಗಂಡಸರು ಮನೆಯೊಳಗಿನ ಹಿಂಸೆ ಅನುಭವಿಸಿದ್ದಾರೆ. ಅವರು ಇಬ್ಬರನ್ನೂ ಕೇಳಿದರು, ಅದಕ್ಕೇ ಎರಡು ಸಂಖ್ಯೆ ಇದೆ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಗಂಡನಿಂದ ಹಿಂಸೆ ಆಗಿದೆಯಾ ಅಂತ ಹೆಂಗಸರನ್ನು ಕೇಳುತ್ತದೆ. ಗಂಡಸರಿಗೆ ಅಂಥ ಪ್ರಶ್ನೆಯೇ ಇಲ್ಲ.

ಆದರೆ ಅದೇ ಸಮೀಕ್ಷೆಯ ಇನ್ನೊಂದು ಸಂಖ್ಯೆಯನ್ನು ಬಿಟ್ಟು ನಾನು ಮುಂದೆ ಹೋಗಲಾರೆ. 2019ರಿಂದ 21ರ ನಡುವೆ ನಡೆದ ಸುತ್ತಿನಲ್ಲಿ, ಮದುವೆಯಾದ ಹೆಂಗಸರ ಪೈಕಿ ಗಂಡನಿಂದ ಹಿಂಸೆ ಕಂಡವರು ದೇಶದಲ್ಲಿ ಶೇಕಡ 29ರ ಆಸುಪಾಸು. ಕರ್ನಾಟಕದಲ್ಲಿ ಶೇಕಡ 44. ಇಡೀ ದೇಶದಲ್ಲಿ ಜಾಸ್ತಿ ಇರುವುದು ನಮ್ಮ ರಾಜ್ಯದಲ್ಲೇ. ಇದು ನಮ್ಮ ಮನೆಗಳ ಸಂಖ್ಯೆ. ನನ್ನ ಅಜ್ಜಿ ಹೊಡೆತ ತಿಂದವಳು. ಊರಲ್ಲಿ ಯಾರೂ ಅದನ್ನು ಹಿಂಸೆ ಅನ್ನಲಿಲ್ಲ, ‘ಅಜ್ಜಂಗೆ ಸಿಟ್ಟು ಜಾಸ್ತಿ’ ಅಂದರು. ಹೆಂಗಸರ ರಕ್ಷಣೆಗೆ 2005ರ ಕಾಯ್ದೆ ಬಂದದ್ದು ಸುಮ್ನೆ ಅಲ್ಲ. ಸಾಂತ್ವನ ಕೇಂದ್ರಗಳು ಹುಟ್ಟಿದ್ದೂ ಸುಮ್ನೆ ಅಲ್ಲ. ಅವಕ್ಕೆ ಕೈ ಹಾಕಬೇಕು ಅಂತ ಯಾರಾದರೂ ಭಾವನ ಕತೆಯನ್ನು ಎತ್ತಿಕೊಂಡರೆ ನಾನು ಅವರ ಜೊತೆ ಇಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮಲ್ಲಿ ಈ ವಿಷಯಕ್ಕೆ ಎರಡೇ ದನಿ ಇವೆ. ಒಂದು ನಗು, ಇನ್ನೊಂದು ಕೋಪ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಹೆಂಡತಿಯನ್ನು ದೂರಿ ಜೀವ ಕಳೆದುಕೊಂಡಾಗ, ಟೀವಿಯಲ್ಲಿ ವಾರಗಟ್ಟಲೆ ಕೂಗಾಟ ನಡೆಯಿತು. ಅಲ್ಲಿ ಎಲ್ಲ ಹೆಂಡತಿಯರೂ ರಾಕ್ಷಸಿಯರಾದರು. ಆ ಕೂಗಾಟ ಭಾವನಂಥವರಿಗೆ ಏನು ಕೊಟ್ಟಿತು? ಒಂದು ದಿನ ಅವನೇ ಹೇಳಿದ, ‘ಅದನ್ನು ನೋಡಿದ್ರೆ ಎಂಗೆ ಅವಳ ಮೇಲೆ ಪಾಪ ಅನಿಸ್ತು’ ಅಂತ. ತನ್ನ ಹೆಂಡತಿಯ ಕಷ್ಟ ಸುಳ್ಳಲ್ಲ ಅಂತ ಅವನಿಗೆ ಗೊತ್ತು. ಪೇಟೆಯಲ್ಲಿ ಬೆಳೆದವಳು. ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲ, ಮಾತಾಡಲು ಜನ ಇಲ್ಲ, ಅತ್ತೆ ಹಾಸಿಗೆ ಹಿಡಿದಿದ್ದಳು. ಅದೆಲ್ಲ ನಿಜ. ಬಾಣಲೆಯೂ ನಿಜ.

ಹಾಗಾದರೆ ನಮ್ಮ ನಾಡಿನ ಕತೆಗಳಲ್ಲಿ ನಗು ಬಿಟ್ಟು ಬೇರೆ ದಾರಿ ಇಲ್ಲವಾ ಅಂತ ಬಹಳ ಸಲ ಯೋಚಿಸಿದ್ದೇನೆ. ಸಣ್ಣವರಿದ್ದಾಗ ಉದ್ದಾಲಕ ಮತ್ತು ಚಂಡಿಯ ಕತೆ ಕೇಳಿ ಹೊಟ್ಟೆ ಹಿಡಿದು ನಗುತ್ತಿದ್ದೆವು. ಜೈಮಿನಿ ಭಾರತದ್ದು. ಗಂಡ ಹೇಳಿದ್ದಕ್ಕೆಲ್ಲ ಉಲ್ಟಾ ಮಾಡುವ ಹೆಂಡತಿ. ಆದರೆ ಆ ಋಷಿಯ ಹತ್ತಿರ ಶಾಪ ಇತ್ತು. ಕೊನೆಗೆ ಅವಳನ್ನು ಕಲ್ಲು ಮಾಡಿಬಿಟ್ಟ. ಹಾಗಾಗಿ ಅದು ಗಂಡಸರಿಗೆ ಹೆದರಿಕೆ ಹುಟ್ಟಿಸದ ಕತೆ. ಕೊನೆಯ ಮಾತು ಅವನದೇ ಅಂತ ಗೊತ್ತಿದ್ದುಕೊಂಡು ನಗುವ ನಗು. ಯಕ್ಷಗಾನದ ಹಾಸ್ಯಗಾರ ಹೆಂಡತಿಗೆ ಹೆದರಿ ಚೌಕಿಯ ಕಡೆ ಓಡುವಾಗಲೂ ನಾವು ಹಾಗೇ ನಕ್ಕಿದ್ದೇವೆ. ಗದ್ದೆ ಬಯಲಿನಲ್ಲಿ ಕಂಬಳಿ ಹಾಸಿಕೊಂಡು, ರಾತ್ರಿ ಎರಡು ಗಂಟೆಗೆ, ನಿದ್ದೆ ಹಾರಿಹೋಗುವಷ್ಟು.

ಆದರೆ ತಾಳಮದ್ದಲೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ದಶರಥನನ್ನು ನೋಡಿ. ಕೈಕೇಯಿಯ ಕೋಪಗೃಹದಲ್ಲಿ ಅವನು ಬೇಡಿಕೊಳ್ಳುತ್ತಾನೆ, ಕಾಲಿಗೆ ಬೀಳುತ್ತಾನೆ, ಮಾತು ತಪ್ಪಲಾರದೆ ಒದ್ದಾಡುತ್ತಾನೆ. ಒಳ್ಳೆಯ ಅರ್ಥಧಾರಿ ಕೂತಿದ್ದರೆ ಆ ಅರ್ಧ ಗಂಟೆ ಇಡೀ ಸಭೆ ಉಸಿರು ಬಿಗಿಹಿಡಿದಿರುತ್ತದೆ. ಯಾರೂ ‘ಅಮ್ಮಾವ್ರ ಗಂಡ’ ಅನ್ನುವುದಿಲ್ಲ. ಕೈಕೇಯಿಯ ಮಾತನ್ನೂ ಅಷ್ಟೇ ಗೌರವದಿಂದ ಕೇಳುತ್ತಾರೆ, ಯಾಕೆಂದರೆ ಅವಳ ಅರ್ಥ ಹೇಳುವವರು ಅವಳನ್ನು ಬರೀ ಕೆಟ್ಟವಳು ಅಂತ ಮಾಡಿ ಮುಗಿಸುವುದಿಲ್ಲ. ನಮ್ಮ ಮುದುಕರು ಅಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅಂದರೆ ಮನೆಯೊಳಗೆ ಕುಸಿದ ಗಂಡಸನ್ನು ನೋಡಿ ನಗದೇ ಇರುವುದು ನಮಗೆ ಗೊತ್ತಿದೆ. ಅವನು ಅಯೋಧ್ಯೆಯ ರಾಜನಾಗಿದ್ದರೆ ಮಾತ್ರ ಯಾಕೆ? ಆರು ಕಿಲೋಮೀಟರ್ ಒಳಗಿನ ತೋಟದ ಮನೆಯವನಾದರೆ ಯಾಕಿಲ್ಲ?

ಲಟ್ಟಣಿಗೆಯ ಚಿತ್ರದಲ್ಲಿ ನಾವು ನಗುವುದು ಯಾರನ್ನು ನೋಡಿ ಅಂತ ಸರಿಯಾಗಿ ನೋಡಿದರೆ, ಹೆಂಡತಿಯನ್ನು ‘ಹದ್ದುಬಸ್ತಿನಲ್ಲಿ’ ಇಡದ ಗಂಡನನ್ನು ನೋಡಿ. ತಿರುಗಿ ಹೊಡೆಯದವನನ್ನು ನೋಡಿ. ‘ಬಳೆ ತೊಟ್ಕೋ’ ಅನ್ನುವುದು ಅವನಿಗೇ. ಹೆಂಡತಿಗೆ ಹೊಡೆಯುವುದು ಗಂಡಸುತನ ಅಂದ ಬಾಯಿಯೇ, ಹೊಡೆತ ತಿಂದರೆ ಗಂಡಸಲ್ಲ ಅನ್ನುತ್ತದೆ. ಶೇಕಡ 44ರ ಸಂಖ್ಯೆಯೂ ಈ ಜೋಕೂ ಎರಡು ಬೇರೆ ವಿಷಯ ಅಲ್ಲ. ಒಂದೇ ಅಡಿಕೆ ಗೊನೆಯ ಕಾಯಿಗಳು. ಹೆಂಗಸರ ಪರ ಮಾತಾಡುವವರು ಈ ಜೋಕಿಗೆ ನಕ್ಕಾಗ ನನಗೆ ನೋವಾಗುವುದು ಇದಕ್ಕೇ.

2022ರ ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ಅಡಿಕೆ ಗೊನೆ ಕೊಯ್ಯುವ ಸಮಯ. ಮನೆ ತುಂಬ ಜನ, ರಾತ್ರಿ ಅಡಿಕೆ ಸುಲಿಯುವ ಗಡಿಬಿಡಿ. ಮನೆಯೊಳಗೆ ಕೇಳುವ ಹಾಗಿರಲಿಲ್ಲ. ತೋಟಕ್ಕೆ ಹೋಗುವ ದಾರಿಯಲ್ಲಿ, ನಾವಿಬ್ಬರೇ ಇದ್ದಾಗ, ನರ್ಸ್ ಕೇಳಿದ ಹಾಗೇ ಕೇಳಲು ನೋಡಿದೆ. ‘ಮನೇಲಿ ಇಪ್ಪಲೆ ಹೆದರಿಕೆ ಆಗ್ತನಾ ಭಾವಾ?’

ಅವನು ಕತ್ತಿಯನ್ನು ಕೆಳಗಿಟ್ಟು ಕಾಲುವೆಯ ಏರಿಯ ಮೇಲೆ ಕೂತ. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ಇಷ್ಟು ವರ್ಷ ಯಾರೂ ಕೇಳಿದ್ವಿಲ್ಲೆ’ ಅಂದ. ಆ ಸಂಜೆ ಕತ್ತಲಾಗುವ ತನಕ ನಾವು ಅಲ್ಲೇ ಇದ್ದೆವು. ಅವನು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಒಂದು ಮಾತು ಮಾತ್ರ. ರಾತ್ರಿ ಮಲಗುವ ಮೊದಲು ಅವನು ಕತ್ತಿ, ಕೊಡಲಿಗಳನ್ನೆಲ್ಲ ಕೊಟ್ಟಿಗೆಯ ಅಟ್ಟದ ಮೇಲೆ ಇಡುತ್ತಿದ್ದನಂತೆ. ಎರಡು ವರ್ಷ. ಕೆಲಸದವರು ಕೇಳಿದರೆ ತುಕ್ಕು ಹಿಡಿಯುತ್ತದೆ ಅನ್ನುತ್ತಿದ್ದನಂತೆ.

ಇದಾದ ಮೇಲೆ ನಡೆದದ್ದು ನಮ್ಮ ಕಡೆಯ ರೀತಿ, ಇಂಗ್ಲೆಂಡಿನದ್ದಲ್ಲ. ಇಲ್ಲಿಯಾದರೆ ಗಂಡಸರಿಗಾಗಿಯೇ ಸಹಾಯವಾಣಿ ಇದೆ. ಮ್ಯಾನ್‌ಕೈಂಡ್ ಇನಿಶಿಯೇಟಿವ್ ಎಂಬ ಸಂಸ್ಥೆ 2001ರಿಂದ ಕೆಲಸ ಮಾಡುತ್ತಿದೆ. ಕಚೇರಿಯ ಗಂಡಸರ ಶೌಚಾಲಯದ ಬಾಗಿಲ ಹಿಂದೆ ಇಂಥ ಸಹಾಯವಾಣಿಯ ನಂಬರ್ ಅಂಟಿಸಿದ್ದನ್ನು ನೋಡಿದ್ದೇನೆ. ಒಬ್ಬನೇ ಇರುವಾಗ ಕಣ್ಣಿಗೆ ಬೀಳಲಿ ಅಂತ. ನನಗೆ ಅದು ತುಂಬ ಹಿಡಿಸಿತು. ಶಿರಸಿಯಲ್ಲಿ ಅಂಥದ್ದು ನಾನು ಕಂಡಿಲ್ಲ. 181 ಸಹಾಯವಾಣಿ ಇರುವುದು ಹೆಂಗಸರಿಗೆ. ಮನಸ್ಸು ಕುಸಿದಾಗ ಯಾರು ಬೇಕಾದರೂ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ 14416 ಇದೆ, ಆದರೆ ಅದು ಗಂಡ ಹೆಂಡಿರ ವಿಷಯಕ್ಕೂ ಆಗುತ್ತದೆ ಅಂತ ಭಾವನಿಗೆ ಗೊತ್ತಿರಲಿಲ್ಲ. ಯಾರು ಹೊಡೆದರೂ ಪೊಲೀಸರಿಗೆ ದೂರು ಕೊಡಬಹುದು, ಕ್ರೌರ್ಯದ ಮೇಲೆ ಗಂಡನೂ ವಿಚ್ಛೇದನ ಕೇಳಬಹುದು. ಅದೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಠಾಣೆಯ ಮೆಟ್ಟಿಲು ಹತ್ತುತ್ತಿರಲಿಲ್ಲ, ಅಲ್ಲಿಯೂ ನಗುತ್ತಾರೆ ಅಂತ.

ಆದರೆ ಅವನಿಗೆ ಇಲ್ಲಿಯವರಿಗೆ ಇಲ್ಲದ್ದೊಂದು ಇತ್ತು. ನಾನು ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಹೇಳಿದೆ. ಆಯಿ ಮರುದಿನವೇ ಚೀಲ ಕಟ್ಟಿಕೊಂಡು ಅವನ ಮನೆಗೆ ಹೋಗಿ ಮೂರು ವಾರ ಉಳಿದಳು. ಯಾರಿಗೂ ಬೈಯಲಿಲ್ಲ. ಹಾಸಿಗೆ ಹಿಡಿದ ನಾದಿನಿಯ ಚಾಕರಿ ಮಾಡಿದಳು. ಭಾವನ ಹೆಂಡತಿಗೆ ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ನಿದ್ದೆ ಮಾಡಲು ಬಿಡುವು ಸಿಕ್ಕಿತು. ಅವಳ ಅಪ್ಪ ಬಂದರು. ಜಗಲಿಯಲ್ಲಿ ಕೂತು, ಕವಳದ ಬಟ್ಟಲು ಮುಂದಿಟ್ಟುಕೊಂಡು, ಎರಡು ಕಡೆಯವರೂ ಮಾತಾಡಿದರು. ಸ್ಟಾಕ್‌ಟನ್‌ನಲ್ಲಿ ನನಗೆ ಹೀಗಾದರೆ ಒಂದು ನಂಬರ್ ಸಿಗುತ್ತದೆ, ಒಳ್ಳೆಯ ದನಿ ಸಿಗುತ್ತದೆ. ಚೀಲ ಕಟ್ಟಿಕೊಂಡು ಬರುವವರು ಯಾರಿದ್ದಾರೆ? ಕೆಲಸದ ಜಾಗದಲ್ಲಿ ಇಂಥ ಕಷ್ಟ ಕಂಡ ಒಬ್ಬರು ಒಂದು ಬಾಡಿಗೆ ಕೋಣೆಯಲ್ಲಿ ಎರಡು ವರ್ಷ ಒಬ್ಬರೇ ಇದ್ದರು. ಕಾನೂನು ಅವರ ಪರ ಇತ್ತು. ಭಾನುವಾರ ಊಟಕ್ಕೆ ಕರೆಯುವವರು ಇರಲಿಲ್ಲ.

ಜಗಲಿಯ ಮಾತುಕತೆ ಎಲ್ಲವನ್ನೂ ಸರಿ ಮಾಡಿತು ಅಂತ ನಾನು ಹೇಳುವುದಿಲ್ಲ. ಜಗಲಿಯಲ್ಲೇ ಎಷ್ಟೋ ಹೆಣ್ಣುಮಕ್ಕಳಿಗೆ ‘ಹೊಂದಿಕೊಂಡು ಹೋಗು’ ಅಂದು ವಾಪಸ್ ಕಳಿಸಿದ್ದಾರೆ. ಇಲ್ಲಿಯೂ ಒಬ್ಬರು ಹಿರಿಯರು ಅದೇ ಮಾತು ತೆಗೆದರು. ಆಯಿ ಬಿಡಲಿಲ್ಲ. 2023ರಲ್ಲಿ ಇಬ್ಬರೂ ಬೇರೆಯಾದರು. ಅವಳು ಹುಬ್ಬಳ್ಳಿ ಕಡೆ ಕೆಲಸದಲ್ಲಿದ್ದಾಳೆ, ಚೆನ್ನಾಗಿದ್ದಾಳಂತೆ. ಕೇಳಿ ನನಗೆ ಖುಷಿಯೇ ಆಯಿತು.

2025ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಮೀರತ್‌ನಲ್ಲಿ ಒಬ್ಬ ಗಂಡನ ಕೊಲೆಯಾಯಿತು. ದೇಹವನ್ನು ನೀಲಿ ಡ್ರಮ್ಮಿನಲ್ಲಿ ಹಾಕಿ ಸಿಮೆಂಟು ಸುರಿದಿದ್ದರು ಎಂಬ ಸುದ್ದಿ ಎಲ್ಲರೂ ಕೇಳಿರುತ್ತೀರಿ. ಒಂದು ವಾರದಲ್ಲಿ ರೀಲುಗಳು ಬಂದವು. ಮದುವೆಗೆ ಉಡುಗೊರೆಯಾಗಿ ನೀಲಿ ಡ್ರಮ್ಮು. ಡ್ರಮ್ಮು ನೋಡಿ ಓಡುವ ಗಂಡ. ಹೆಂಡತಿ ಡ್ರಮ್ಮಿಗೆ ಕೈ ತೋರಿಸಿದ ಕೂಡಲೇ ಪಾತ್ರೆ ತೊಳೆಯುವ ಗಂಡ. ಹಳೆಯ ಲಟ್ಟಣಿಗೆ ಹೋಗಿ ಆ ಜಾಗಕ್ಕೆ ಡ್ರಮ್ಮು ಬಂದಿತ್ತು. ಸತ್ತವನಿಗೆ ಅಪ್ಪ ಅಮ್ಮ ಇದ್ದರು, ಸಣ್ಣ ಮಗು ಇತ್ತು. ನಾವು ನಕ್ಕೆವು. ಹೆಣದ ಮೇಲೂ ನಗು ಬರುತ್ತದೆ ಅಂದರೆ, ಸುಟ್ಟ ಮುಂಗೈಗೆ ಬಾರದೆ ಇರುತ್ತದಾ?

ನಮ್ಮ ಕಡೆ ಅಡಿಕೆ ಬೆಳೆಯುವ ಮನೆಗಳಲ್ಲಿ ನೀಲಿ ಡ್ರಮ್ಮು ಹೊಸದಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಕೂಡಿಸುವುದು ಅದರಲ್ಲೇ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಜೂನ್‌ನಲ್ಲಿ ಭಾವ ಔಷಧಿ ಕೂಡಿಸುವ ಫೋಟೋ ಒಂದನ್ನು ಕುಟುಂಬದ ಗುಂಪಿನಲ್ಲಿ ಹಾಕಿದ. ಆಕಾಶ ಬಿಟ್ಟಿತ್ತು, ಅವನ ಮುಖವೂ ಬಹಳ ದಿನದ ನಂತರ ಬಿಟ್ಟ ಹಾಗಿತ್ತು. ಕೆಳಗೆ ಒಬ್ಬರು ಬರೆದರು, ‘ಡ್ರಮ್ಮು ಖಾಲಿ ಇದ್ದಾಗಲೇ ತಪ್ಪಿಸ್ಕಂಡೆ, ಪುಣ್ಯ’. ಅದರ ಕೆಳಗೆ ನಗುವ ಮುಖಗಳ ಸಾಲು. ಹನ್ನೊಂದು ಎಣಿಸಿದೆ. ನನಗೆ ಏನು ಬರೆಯಬೇಕು ಅಂತ ತಿಳಿಯದೆ, ಬರೆದು, ಅಳಿಸಿ, ಮತ್ತೆ ಬರೆದು, ಅಳಿಸುತ್ತ ಕೂತಿದ್ದೆ.

ಆಯಿಗೆ ಟೈಪ್ ಮಾಡಲು ಬರುವುದಿಲ್ಲ. ಧ್ವನಿ ಕಳಿಸುತ್ತಾಳೆ. ನಾಲ್ಕು ಸೆಕೆಂಡಿನ ಒಂದು ಧ್ವನಿ ಬಂತು. ಹಿಂದೆ ಮಳೆ ಸುರಿಯುವ ಸದ್ದು. ‘ಇದ್ರಲ್ಲಿ ನಗಾಡದು ಎಂತ ಇದ್ದು?’

ಎರಡು ದಿನ ಆ ಗುಂಪಿನಲ್ಲಿ ಯಾರೂ ಏನೂ ಹಾಕಲಿಲ್ಲ. ಮೂರನೇ ದಿನ ಯಾರೋ ಚಾಲಿ ಅಡಿಕೆಯ ದರ ಹಾಕಿದರು.

ಅವತ್ತು ರಾತ್ರಿ ಭಾವ ಫೋನ್ ಮಾಡಿದ್ದ. ಔಷಧಿ ಮೊದಲ ಸುತ್ತು ಮುಗಿಯಿತು ಅಂದ. ಮರ ಹತ್ತುವವರು ಸಿಗುತ್ತಿಲ್ಲ ಅಂದ. ನಮ್ಮ ಕಡೆ ಮಳೆ ಇದೆಯಾ ಅಂತ ಕೇಳಿದ. ಇಡುತ್ತೇನೆ ಅಂದವನು ಇಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅತ್ತೆ ಹೇಳಿದ್ದು ಕೇಳ್ದಿ’ ಅಂದ.